ತಂಬೂರಿ ರೆಕಾರ್ಡ್ ಮಾಡಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸ್ಟುಡಿಯೊಗೆ ಬರುವವರಲ್ಲಿ ಹೆಚ್ಚಿನವರು ಹಾಡುಗಾರರು. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು. ಯಾವ ರಾಗ, ಯಾವ ಬಂದಿಶ್ ಅನ್ನುವುದನ್ನು ತಿಂಗಳ ಮೊದಲೇ ಗೊತ್ತು ಮಾಡಿರುತ್ತಾರೆ. ತಬಲಾದವರನ್ನು ಒಪ್ಪಿಸಿರುತ್ತಾರೆ. ತಂಬೂರಿ ಮಾತ್ರ ಕೊನೆಯ ದಿನ ನೆನಪಾಗುತ್ತದೆ. ಆದರೆ ರೆಕಾರ್ಡಿಂಗ್ ದಿನ ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಡುವುದು ಅದೇ ವಾದ್ಯ. ಫೋನಿನಲ್ಲಿ ಬರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿದ್ದೇವೆ. ಏಕತಾರಿ ತರುವವರಿಗೂ ಒಂದಷ್ಟು ವಿಷಯ ಇದೆ.

ತಂಬೂರಿ ದನಿ ಸಣ್ಣದು, ಸರಿ. ಸ್ಟುಡಿಯೊದಲ್ಲಿ ಸೌಂಡ್ ಜಾಸ್ತಿ ಮಾಡಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ತಂಬೂರಿಯ ಸದ್ದು ಏರಿಸಿದಷ್ಟೇ ಕೋಣೆಯ ಸದ್ದೂ ಏರುತ್ತದೆ. ತಬಲಾ ರೆಕಾರ್ಡ್ ಮಾಡುವಾಗ ಬೈಪಾಸ್ ಮೇಲೆ ಹೋದ ಲಾರಿ ಕೇಳಿಸುವುದಿಲ್ಲ. ತಬಲಾದ ಪೆಟ್ಟು ಅದನ್ನು ಮುಚ್ಚಿಬಿಡುತ್ತದೆ. ತಂಬೂರಿ ಯಾವುದನ್ನೂ ಮುಚ್ಚುವುದಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ನಿಚ್ಚಳವಾಗಿ ಬರುತ್ತದೆ.

ಹಾಗಾಗಿ ನಮ್ಮ ಕೆಲಸದ ಕ್ರಮ ಹೀಗಿದೆ. ಮೊದಲು ಕೋಣೆ ಸುಮ್ಮನಾಗಬೇಕು. ಆಮೇಲೆ ವಾದ್ಯ ಸರಿ ಇರಬೇಕು, ಅಂದರೆ ತಂತಿ, ಜವಾರಿ (ಮೀಟಿದ ಮೇಲೆ ತಂತಿಯಿಂದ ಏಳುವ ಝೇಂಕಾರ), ಶ್ರುತಿ. ಮೈಕಿನ ಮಾತು ಕೊನೆಗೆ. ಫೋನ್ ಮಾಡಿದವರು ಮೊದಲು ಕೇಳುವುದು ಮಾತ್ರ ‘ನಿಮ್ಮಲ್ಲಿ ಯಾವ ಕಂಪನಿ ಮೈಕ್ ಐತ್ರಿ?’ ಅಂತ. ಜವಾರಿ ಚೆನ್ನಾಗಿದ್ದರೆ ಸಾಧಾರಣ ಮೈಕಿನಲ್ಲೂ ಕೇಳುವಂಥ ರೆಕಾರ್ಡಿಂಗ್ ಬರುತ್ತದೆ. ಜವಾರಿ ಸತ್ತಿದ್ದರೆ ದುಬಾರಿ ಮೈಕ್ ಆ ಸಾವನ್ನೇ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ, ಅಷ್ಟೇ.

ಮೊಬೈಲ್‌ನಲ್ಲಿ ತಂಬೂರಿ ಆ್ಯಪ್ ಇದೆ. ನಿಜವಾದ ವಾದ್ಯ ಹೊತ್ತು ತರಲೇಬೇಕಾ?

ಏನು ಹಾಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಐದು ನಿಮಿಷದ ವಚನ ಗಾಯನ, ಭಾವಗೀತೆ, ಸ್ಪರ್ಧೆಗೆ ಕಳಿಸುವ ಸ್ಯಾಂಪಲ್ ಆದರೆ ಆ್ಯಪ್ ಸಾಕು. ಮನೆಯಲ್ಲಿ ಮೂಲೆಗೆ ನಿಲ್ಲಿಸಿದ, ತುಕ್ಕು ತಂತಿಯ ತಂಬೂರಿಗಿಂತ ಒಳ್ಳೆ ಆ್ಯಪ್ ಮೇಲು. ಇದನ್ನು ಹೇಳಿದರೆ ಕೆಲವು ಹಿರಿಯರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇವೆ.

ಅರ್ಧ ಗಂಟೆಯ ಖ್ಯಾಲ್ ಆದರೆ ಮಾತು ಬೇರೆ. ಆ್ಯಪ್‌ನಲ್ಲಿ ಪ್ರತಿ ಸುತ್ತೂ ಒಂದೇ ಥರ ಇರುತ್ತದೆ. ವಿಲಂಬಿತದಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಿವಿಗೆ ದಣಿವಾಗುತ್ತದೆ. ನಿಜವಾದ ತಂಬೂರಿಯಲ್ಲಿ ಎರಡು ಮೀಟುಗಳು ಒಂದೇ ರೀತಿ ಇರುವುದಿಲ್ಲ.

ಇನ್ನೊಂದು ಕಾರಣ ಜವಾರಿ. ಸರ್ ಸಿ.ವಿ. ರಾಮನ್ ಬೆಳಕಿನ ಕೆಲಸಕ್ಕೆ ನೊಬೆಲ್ ಪಡೆದರು, ಅದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1921ರಲ್ಲಿ, ಅವರು ವೀಣೆ ಮತ್ತು ತಂಬೂರಿಯ ತಂತಿಗಳ ಬಗ್ಗೆ ಒಂದು ಲೇಖನ ಬರೆದರು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ, ಆ ನಡುಬಿಂದುವಿನಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು (ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು) ಹುಟ್ಟಬಾರದು ಎನ್ನುವುದು ಹಳೆಯ ನಿಯಮ. ತಂಬೂರಿಯಲ್ಲಿ ಅವೂ ಹುಟ್ಟುತ್ತವೆ, ಜೋರಾಗಿಯೇ ಹುಟ್ಟುತ್ತವೆ. ತಂತಿಗಳು ಕೂರುವ ಕುದುರೆಯ, ಅಂದರೆ ಬ್ರಿಡ್ಜಿನ, ಮೈ ಸ್ವಲ್ಪ ಬಾಗಿದೆ, ತಂತಿಯ ಕೆಳಗೆ ನೂಲು ಇದೆ. ತಂತಿ ಅಲುಗಿದಾಗಲೆಲ್ಲ ಆ ಮೈಯನ್ನು ಸವರಿಕೊಂಡು ಹೋಗುತ್ತದೆ. ಅಲ್ಲಿಂದಲೇ ಆ ಝೇಂಕಾರ. ಹಾಗಾಗಿ ತಂಬೂರಿಯಲ್ಲಿ ನಮಗೆ ಬೇಕಾದದ್ದು ಬೆರಳು ತಂತಿ ಬಿಟ್ಟ ಕ್ಷಣಕ್ಕಿಂತ ಅದರ ನಂತರದ ಎರಡು ಮೂರು ಸೆಕೆಂಡು. ಆ ಭಾಗ ತೀರಾ ಮೆಲ್ಲಗೆ ಇರುತ್ತದೆ. ಕೋಣೆಯ ಸದ್ದು ಮೊದಲು ತಿನ್ನುವುದೂ ಅದನ್ನೇ.

ನನ್ನ ತಂಬೂರಿ ಸರಿ ಇದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ರೆಕಾರ್ಡಿಂಗ್‌ಗೆ ಒಂದು ವಾರ ಮೊದಲು ನೋಡಿ. ಹಿಂದಿನ ರಾತ್ರಿ ನೋಡಿದರೆ ಉಪಯೋಗವಿಲ್ಲ.

ಒಂದೊಂದೇ ತಂತಿ ಮೀಟಿ, ಪೂರ್ತಿ ಆರುವವರೆಗೆ ಕೇಳಿ. ಮೀಟಿದ ಮೇಲೆ ದನಿ ಅರಳಬೇಕು. ಬರೀ ‘ಠಣ್’ ಎಂದು ಬಿದ್ದುಹೋದರೆ ನೂಲು ಜಾಗ ಬಿಟ್ಟಿದೆ. ನೂಲನ್ನು ಕುದುರೆಯ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸಿ. ಒಂದು ಕಡೆ ದನಿ ಒಮ್ಮೆಲೇ ತೆರೆದುಕೊಳ್ಳುತ್ತದೆ, ಅದೇ ಅದರ ಜಾಗ. ಎಲ್ಲಿ ಇಟ್ಟರೂ ಬರುತ್ತಿಲ್ಲ ಎಂದರೆ ಕುದುರೆ ಸವೆದಿದೆ. ತಂತಿ ಕೂತು ಕೂತು ಗೆರೆ ಬಿದ್ದಿರುತ್ತದೆ. ಅದನ್ನು ತಿದ್ದಿ ಮತ್ತೆ ಜವಾರಿ ತೆಗೆಯುವುದು ಕುಶಲಕರ್ಮಿಯ ಕೆಲಸ. ದಯವಿಟ್ಟು ಮನೆಯಲ್ಲಿ ಉಪ್ಪುಕಾಗದ ಹಿಡಿದು ಕೂರಬೇಡಿ. ಒಂದು ಸಲ ಜಾಸ್ತಿ ತೇಯ್ದರೆ ಹೊಸ ಕುದುರೆಯೇ ಬೇಕು.

ನಮ್ಮ ಕಡೆಯ ಬಹಳಷ್ಟು ತಂಬೂರಿಗಳು ಮಿರಜ್‌ನಿಂದ ಬಂದವು. ಮಿರಜ್‌ನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಹುಬ್ಬಳ್ಳಿ, ಧಾರವಾಡದಿಂದ ಅಲ್ಲಿಗೆ ನೇರ ರೈಲು ಇದೆ. ಜವಾರಿ ತೀರಾ ಹೋಗಿದ್ದರೆ ಅಲ್ಲಿಗೇ ಒಯ್ಯುವುದು ಒಳ್ಳೆಯದು.

ಹೊಸ ತಂತಿ ಹಾಕುವುದಿದ್ದರೆ ನಾಲ್ಕೈದು ದಿನ ಮೊದಲು ಹಾಕಿ, ದಿನಾ ನುಡಿಸಿ. ಹೊಸ ತಂತಿ ಎಳೆದುಕೊಳ್ಳುತ್ತಲೇ ಇರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಬಿರಡೆ ಜಾರುತ್ತಿದ್ದರೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ.

ಬೈಕ್ ಮೇಲೆ ತರಬಹುದಾ?

ಬೇಡ. ಕೆಳಗಿನ ಸೋರೆ ಬುರುಡೆ ಒಡೆದರೆ ಕೂಡಿಸುವುದು ಕಷ್ಟ. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಮಧ್ಯಾಹ್ನ ಜನ ಕಡಿಮೆ ಇದ್ದಾಗ ತರಬಹುದು, ಸಂಜೆ ಆಗುವುದಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಪಕ್ಕದಲ್ಲಿ ಒಬ್ಬರು ಕೂರಲಿ. ಏಪ್ರಿಲ್, ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ. ಅಂಟು ಬಿಟ್ಟುಕೊಳ್ಳುತ್ತದೆ.

ಎಷ್ಟು ಮೊದಲು ಬರಬೇಕು? ಎಸಿ ಹಾಕಿರ್ತೀರಲ್ಲ?

ಅರ್ಧ ಗಂಟೆಯಾದರೂ ಮೊದಲು ಬನ್ನಿ. ವಾದ್ಯ ಚೀಲದಿಂದ ಹೊರಗೆ ಬಂದು ಕೋಣೆಯ ಗಾಳಿಗೆ ಹೊಂದಿಕೊಳ್ಳಬೇಕು. ಕಟ್ಟಿಗೆ, ಬುರುಡೆ, ತಂತಿ ಮೂರೂ ಸೆಕೆ ಮತ್ತು ತಂಪಿಗೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ. ಧಾರವಾಡದ ಆಷಾಢ, ಶ್ರಾವಣದ ಜಿಟಿ ಜಿಟಿ ಮಳೆಯಲ್ಲಿ ಇದು ಇನ್ನೂ ಜಾಸ್ತಿ.

ಎಸಿ, ಫ್ಯಾನ್ ಎರಡೂ ಟೇಕ್ ನಡೆಯುವಾಗ ಬಂದ್. ‘ಹಾಡೋ ಮೊದಲು ಕೋಣೆ ಚಲೋ ತಂಪು ಮಾಡಿಡ್ರಿ’ ಅಂತ ಕೇಳುವವರಿದ್ದಾರೆ. ಆಗ ಕಷ್ಟ ಏನೆಂದರೆ, ಎಸಿ ಆರಿಸಿದ ಮೇಲೆ ಕೋಣೆ ನಿಧಾನಕ್ಕೆ ಬೆಚ್ಚಗಾಗುತ್ತದೆ, ಅದರ ಜೊತೆ ಶ್ರುತಿಯೂ ಜಾರುತ್ತದೆ. ಹತ್ತು ನಿಮಿಷದ ಆಲಾಪ ಮುಗಿಯುವಾಗ ಖರ್ಜ, ಅಂದರೆ ಎಲ್ಲಕ್ಕಿಂತ ಕೆಳಗಿನ ಸಾ ತಂತಿ, ಬೇರೆ ಕಡೆ ನಿಂತಿರುತ್ತದೆ. ಅದಕ್ಕೆ ಬೇಸಿಗೆಯಲ್ಲಿ ತಂಬೂರಿ ಇರುವ ರೆಕಾರ್ಡಿಂಗ್ ಅನ್ನು ನಸುಕಿನಲ್ಲಿ ಅಥವಾ ರಾತ್ರಿ ಹತ್ತರ ಮೇಲೆ ಇಟ್ಟುಕೊಳ್ಳುತ್ತೇವೆ. ಆಗ ಸೆಕೆಯೂ ಕಡಿಮೆ, ರಸ್ತೆಯೂ ಸುಮ್ಮನೆ. ಚೈತ್ರದಲ್ಲಿ ಮಾತ್ರ ಕೋಗಿಲೆ ನಸುಕಿಗೇ ಶುರು ಮಾಡುತ್ತದೆ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ. ಜೋರು ಮಳೆ ಇದ್ದ ದಿನವೂ ಕೆಲಸ ಮುಂದೂಡುತ್ತೇವೆ. ಸುತ್ತಲ ಮನೆಗಳ ತಗಡಿನ ಸದ್ದು ಎರಡು ಬಾಗಿಲು ದಾಟಿ ಬರುತ್ತದೆ.

ಹಿಂದೆ ಬೇರೆ ಕಡೆ ಮಾಡಿಸಿದಾಗ ಒಂದು ‘ಗುಂಯ್’ ಸದ್ದು ಉಳಿದಿತ್ತು. ತೆಗೆಯಲು ಹೋದರೆ ತಂಬೂರಿಯೇ ಹೋಯಿತು. ಯಾಕೆ?

ತಂಬೂರಿ ರೆಕಾರ್ಡಿಂಗ್‌ನಲ್ಲಿ ನಿಜವಾಗಿ ತಲೆ ಕೆಡಿಸುವುದು ಇದೇ. ಸ್ವಲ್ಪ ಲೆಕ್ಕ ಹೇಳುತ್ತೇವೆ.

ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್‌ನದು. ಅದರ ಗುಂಯ್ ಸದ್ದು, ಅಂದರೆ ಹಮ್, 50ರಲ್ಲಿ, ಅದರ ದುಪ್ಪಟ್ಟು 100ರಲ್ಲಿ, ಮತ್ತೆ 150ರಲ್ಲಿ ಕೇಳುತ್ತದೆ. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುವುದು ಹೆಚ್ಚಾಗಿ 100ರಲ್ಲಿ. ಈಗ ಶ್ರುತಿಗೆ ಬನ್ನಿ. ಅದನ್ನು ಹಾರ್ಮೋನಿಯಂನ ಬಿಳಿ, ಕಾಳಿ (ಕಪ್ಪು) ಮನೆಗಳ ಎಣಿಕೆಯಲ್ಲಿ ಹೇಳುತ್ತೇವೆ. ಗಂಡಸರು ಬಿಳಿ ಒಂದಕ್ಕೆ ಹಾಡಿದರೆ ಖರ್ಜದ ಸಾ ಸುಮಾರು 65 ಹರ್ಟ್ಸ್, ಮಂದ್ರದ ಪಾ ಸುಮಾರು 98. ಕಾಳಿ ಒಂದಕ್ಕೆ ಹಾಡಿದರೆ ಖರ್ಜ 69, ಪಾ 104. ಹೆಣ್ಣುಮಕ್ಕಳು ಕಾಳಿ ನಾಲ್ಕಕ್ಕೆ ಹಾಡಿದರೆ ಖರ್ಜವೇ 104. ಅಂದರೆ ನಮ್ಮಲ್ಲಿ ಹೆಚ್ಚು ಬಳಸುವ ಶ್ರುತಿಗಳಲ್ಲಿ ಒಂದಲ್ಲ ಒಂದು ತಂತಿ ಕರೆಂಟಿನ ಹಮ್‌ನ ಪಕ್ಕದಲ್ಲೇ ಕೂತಿದೆ.

98 ಮತ್ತು 100 ಒಟ್ಟಿಗೆ ಬಂದರೆ ಸೆಕೆಂಡಿಗೆ ಎರಡು ಸಲ ಅಲೆ ಏಳುತ್ತದೆ. ಹಾಡುಗಾರರು ‘ಪಾ ಕೂಡ್ತಿಲ್ಲ’ ಅಂತ ಶ್ರುತಿಯ ಸಣ್ಣ ವ್ಯತ್ಯಾಸ ಸರಿಪಡಿಸುವ ಮಣಿಯನ್ನು ಜರುಗಿಸುತ್ತಲೇ ಇರುತ್ತಾರೆ. ಪಾ ಸರಿ ಇರುತ್ತದೆ. ತಪ್ಪು ಗೋಡೆಯ ಪ್ಲಗ್ಗಿನಲ್ಲಿರುತ್ತದೆ! ಆಮೇಲೆ ಕಂಪ್ಯೂಟರ್‌ನಲ್ಲಿ 100 ಹರ್ಟ್ಸ್ ಕೊರೆದು ತೆಗೆದರೆ ಹಮ್ ಜೊತೆ ಪಾ ತಂತಿಯ ಬುಡವೂ ಹೋಗುತ್ತದೆ. ನಿಮಗೆ ಆಗಿದ್ದು ಇದೇ ಇರಬೇಕು.

ಹಾಗಾಗಿ ಹಮ್ ಅನ್ನು ಹುಟ್ಟುವ ಕಡೆಯೇ ನಿಲ್ಲಿಸಬೇಕು. ನಾವು ಟೇಕ್ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯುತ್ತೇವೆ, ಟ್ಯೂಬ್‌ಲೈಟ್ ಮತ್ತು ಡಿಮ್ಮರ್ ದೀಪ ಆರಿಸುತ್ತೇವೆ. ಯುಪಿಎಸ್ ಬೇರೆ ಕೋಣೆಯಲ್ಲಿದೆ. ಮೈಕಿನ ವೈರು ಕರೆಂಟಿನ ವೈರಿನ ಜೊತೆ ಜೊತೆಯಾಗಿ ಓಡದಂತೆ ನೋಡುತ್ತೇವೆ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸುತ್ತೇವೆ. ಕಟ್ಟಡದ ಅರ್ಥಿಂಗ್ ಸರಿ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದರೂ ವ್ಯರ್ಥ. ನೀವು ಮನೆಯಲ್ಲಿ ಸಣ್ಣ ಸ್ಟುಡಿಯೊ ಕಟ್ಟುತ್ತಿದ್ದರೆ ಮೊದಲ ದುಡ್ಡನ್ನು ಅರ್ಥಿಂಗ್‌ಗೆ ಹಾಕಿ, ಮೈಕಿಗೆ ಆಮೇಲೆ.

ಸರಿ, ಈಗ ಮೈಕ್. ಯಾವುದು, ಎಲ್ಲಿಡುತ್ತೀರಿ?

ಕಂಡೆನ್ಸರ್ ಮೈಕ್, ಅಂದರೆ ಸಣ್ಣ ಸದ್ದನ್ನೂ ಹಿಡಿಯುವಂಥದ್ದು. ಸಭೆಗಳಲ್ಲಿ ಹಾಡುವವರ ಮುಂದೆ ಇಡುವ ಡೈನಾಮಿಕ್ ಮೈಕ್ ತಂಬೂರಿಗೆ ಸೋಲುತ್ತದೆ. ಅದರಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಅದನ್ನು 60 ಡೆಸಿಬಲ್‌ಗೂ ಮೇಲೆ ಏರಿಸಬೇಕಾಗುತ್ತದೆ, ಆಗ ಏರಿಸುವ ಪ್ರೀಆಂಪಿನ ‘ಸ್ಸ್’ ಸದ್ದೇ ಮುಂದೆ ಬರುತ್ತದೆ.

ಕಂಡೆನ್ಸರ್‌ನಲ್ಲೂ ಮೈಕಿನ ಸ್ವಂತ ಸದ್ದು ಎಷ್ಟು ಅನ್ನುವುದನ್ನು ಪೆಟ್ಟಿಗೆಯ ಮೇಲೆ ಓದಿ. ದೊಡ್ಡ ಡಯಾಫ್ರಾಮ್ (ಸದ್ದಿಗೆ ನಡುಗುವ ಪೊರೆ) ‌ನ ಒಳ್ಳೆ ಮೈಕುಗಳಲ್ಲಿ ಅದು 5–7 ಡೆಸಿಬಲ್‌ಗೆ ಇಳಿಯುತ್ತದೆ. ಸಣ್ಣ ಡಯಾಫ್ರಾಮ್‌ನವು ಸಾಮಾನ್ಯವಾಗಿ 13ರಿಂದ 18. ಆದರೆ ಝೇಂಕಾರದ ಮೇಲಿನ ಎಳೆಗಳನ್ನು ಸಣ್ಣ ಡಯಾಫ್ರಾಮ್ ಚೊಕ್ಕವಾಗಿ ಹಿಡಿಯುತ್ತದೆ. ಕೋಣೆ ಎಷ್ಟು ಸುಮ್ಮನಿದೆ ನೋಡಿ ಆರಿಸುತ್ತೇವೆ. ಹಟ ಇಲ್ಲ.

ಜಾಗದ ವಿಷಯ. ಬುರುಡೆಯ ಮೇಲಿನ ಹಲಗೆಯಿಂದ 30–40 ಸೆಂಟಿಮೀಟರ್ ದೂರ, ಕುದುರೆಗೂ ದಂಡಿ (ಉದ್ದ ಕುತ್ತಿಗೆ) ಸೇರುವ ಕಡೆಗೂ ನಡುವೆ ಮುಖ ಮಾಡಿ ಇಡುತ್ತೇವೆ. ಕುದುರೆಗೆ ನೇರ ಹಿಡಿದರೆ ಝೇಂಕಾರ ತಗಡಿನಂತೆ ಕೇಳುತ್ತದೆ. ಬುರುಡೆಗೆ ತೀರಾ ಹತ್ತಿರ ಇಟ್ಟರೆ ಬರೀ ಗುಂಭ ಗುಂಭ. ಒಂದು ದಿಕ್ಕಿನಿಂದ ಕೇಳುವ ಕಾರ್ಡಿಯಾಯ್ಡ್ ಮೈಕುಗಳು ಹತ್ತಿರ ಬಂದಷ್ಟೂ ಕೆಳಗಿನ ಸ್ವರ ಉಬ್ಬಿಸುತ್ತವೆ. ಹಾಗಂತ ದೂರ ಒಯ್ದರೂ ಕಷ್ಟ. ದೂರ ಎರಡು ಪಟ್ಟಾದರೆ ವಾದ್ಯದ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ಮೈಕಿನ ಬೆನ್ನು ಕಿಟಕಿ ಕಡೆ ಇರಬೇಕು, ಆ ಬೆನ್ನಿಗೆ ಕಿವಿ ಇಲ್ಲ.

ಲೆವೆಲ್ ವಿಷಯದಲ್ಲಿ ಅವಸರ ಬೇಡ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೀಟರ್ ಮೈನಸ್ 18ರಿಂದ ಮೈನಸ್ 12 ಡೆಸಿಬಲ್ ನಡುವೆ ಆಡಿದರೆ ಸಾಕು. ಕೆಂಪು ದೀಪದ ತನಕ ತಳ್ಳುವುದು ಕ್ಯಾಸೆಟ್ ಕಾಲದ ಅಭ್ಯಾಸ.

ಪಿಕಪ್ ಅಂಟಿಸಿದರೆ ಹೊರಗಿನ ಸದ್ದಿನ ತಂಟೆಯೇ ಇರುವುದಿಲ್ಲ ಅಲ್ವಾ?

ತಂಟೆ ಇರುವುದಿಲ್ಲ, ತಂಬೂರಿಯೂ ಇರುವುದಿಲ್ಲ. ಪಿಕಪ್ ಹಲಗೆಯ ಒಂದು ಚುಕ್ಕೆಯ ನಡುಕವನ್ನಷ್ಟೇ ಹಿಡಿಯುತ್ತದೆ. ದನಿ ಗಾಳಿಯಲ್ಲಿ ಕೂಡಿಕೊಳ್ಳುವುದು ಅದಕ್ಕೆ ಸಿಗುವುದಿಲ್ಲ. ಮೇಲಾಗಿ ಅಂಟು ಕಿತ್ತಾಗ ಪಾಲಿಶ್ ಕೂಡ ಏಳುತ್ತದೆ. ಬಯಲಿನ ಸಭೆಗೆ ಸರಿ, ಸ್ಟುಡಿಯೊಗೆ ಬೇಡ.

ನುಡಿಸಲು ಯಾರನ್ನು ಕರೆತರಬೇಕು? ನಮ್ಮ ಶಿಷ್ಯರಲ್ಲಿ ಯಾರಾದರೂ ಆಗುತ್ತಾ?

ಯಾರಾದರೂ ಆಗುವುದಿಲ್ಲ. ಸಭೆಯಲ್ಲಿ ಹಿಂದೆ ಕೂತು ತಂಬೂರಿ ಹಿಡಿಯುವುದು ಶಿಷ್ಯರ ಪಾಲಿನ ಸೇವೆ, ನಿಜ. ಅಲ್ಲಿ ಒಂದೆರಡು ಮೀಟು ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಗೊತ್ತಾಗುತ್ತದೆ.

ನಾವು ನೋಡುವುದು ಕೈಯ ಸಮತೆ. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಬೆರಳಿನ ಮಾಂಸದಿಂದ ಮೀಟಬೇಕು, ಉಗುರು ತಾಗಬಾರದು. ಜೋರು ಬೇಡ. ಮೈಕ್ ಕಂಡ ಕೂಡಲೇ ಹುಡುಗರು ‘ಸದ್ದು ಬರಲಿ’ ಅಂತ ಬಲ ಹಾಕುತ್ತಾರೆ. ಬಲ ಹಾಕಿದರೆ ತಂತಿ ಕುದುರೆಗೆ ಬಡಿದು ಶುರುವಿನಲ್ಲಿ ಚಟ್ ಅನ್ನುತ್ತದೆ, ಶ್ರುತಿಯೂ ಆ ಕ್ಷಣಕ್ಕೆ ಮೇಲೇರುತ್ತದೆ. ಮತ್ತೆ, ಹಾಡಿನ ಲಯಕ್ಕೆ ತಲೆಯಾಡಿಸುತ್ತ ಮೀಟು ತಾಳಕ್ಕೆ ಕೂಡಿಬಿಡುವುದು ಒಂದು ದೊಡ್ಡ ತೊಂದರೆ. ತಬಲಾ ಕಡೆ ಕಿವಿ ಕೊಡದೆ ಇರಬಲ್ಲವರು ಬೇಕು. ಇಂಥವರು ಸಿಗುವುದು ಕಡಿಮೆ. ಸಿಕ್ಕರೆ ಅವರಿಗೆ ಊಟ ಹಾಕಿ, ಚಹಾ ಕೊಡಿ, ಬಿಡಬೇಡಿ.

ಬಳೆ, ಗಡಿಯಾರ, ಉಂಗುರ ತೆಗೆದಿಡಿ. ಗಂಜಿ ಹಾಕಿದ ಧೋತರ, ಹೊಸ ರೇಷ್ಮೆ ಸೀರೆ ಬೇಡ. ಉಸಿರೆಳೆದಾಗಲೆಲ್ಲ ಸರಬರ ಅನ್ನುತ್ತವೆ. ತೊಳೆದು ಮೆತ್ತಗಾದ ಹತ್ತಿ ಬಟ್ಟೆ ಒಳ್ಳೆಯದು. ಕುರ್ಚಿ ಇಡುವುದಿಲ್ಲ, ನೆಲದ ಮೇಲೆ ಜಮಖಾನೆ ಹಾಸಿರುತ್ತೇವೆ. ಮಂಡಿ ನೋವು ಇರುವವರು ಮೊದಲೇ ಹೇಳಿ, ಕಿರುಗುಟ್ಟದ ಒಂದು ಮಣೆ ಇದೆ.

ಹಾಡು, ತಂಬೂರಿ ಒಟ್ಟಿಗೆ ಮಾಡುತ್ತೀರಾ, ಬೇರೆ ಬೇರೆಯಾ?

ಖ್ಯಾಲ್ ಆದರೆ ಒಟ್ಟಿಗೆ. ಹಾಡುವವರು ತಂಬೂರಿಯನ್ನು ಬೆನ್ನಿನಿಂದ, ಮೈಯಿಂದ ಕೇಳುತ್ತಾರೆ. ಹೆಡ್‌ಫೋನ್‌ನಲ್ಲಿ ಅದು ಸಿಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಸಾ ಹಚ್ಚುವಾಗ ಹಲವರು ಸ್ವಲ್ಪ ಮೇಲೆ ಕೆಳಗೆ ಆಗುವುದನ್ನು ನೋಡುತ್ತಲೇ ಇರುತ್ತೇವೆ.

ಒಂದೇ ಕೋಣೆಯಲ್ಲಿ ಮಾಡಿದರೆ ಧ್ವನಿ ತಂಬೂರಿಯ ಮೈಕಿಗೆ ನುಗ್ಗುತ್ತದೆ. ಪೂರ್ತಿ ತಡೆಯಲು ಆಗುವುದಿಲ್ಲ, ತಡೆಯಲೂ ಬಾರದು. ಮೈಕ್ ವಾದ್ಯದಿಂದ ಎಷ್ಟು ದೂರ ಇದೆಯೋ ಅದರ ಮೂರು ಪಟ್ಟಾದರೂ ಎರಡು ಮೈಕುಗಳ ನಡುವೆ ಅಂತರ ಇದ್ದರೆ ಹೆಚ್ಚಿನ ತೊಂದರೆ ಕಡಿಮೆಯಾಗುತ್ತದೆ. ಇದರ ಮೇಲೆ, ಹಾಡು ಶುರುವಾಗುವ ಮೊದಲು ಅದೇ ಜಾಗದಲ್ಲಿ, ಅದೇ ಶ್ರುತಿಯಲ್ಲಿ ಹತ್ತು ನಿಮಿಷ ಬರೀ ತಂಬೂರಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇವೆ. ಎಲ್ಲೋ ಕೆಮ್ಮು ಬಂದರೆ, ಎಡಿಟ್‌ನಲ್ಲಿ ಸೇರುವೆ ಬಿದ್ದರೆ, ಆ ಹತ್ತು ನಿಮಿಷ ಕಾಪಾಡುತ್ತದೆ. ಎಂಟು ಸೆಕೆಂಡಿನ ತುಣುಕನ್ನು ಲೂಪ್ ಮಾಡಿ ಉದ್ದಕ್ಕೂ ಹಾಸುವುದಕ್ಕೆ ಮಾತ್ರ ನಾವು ಒಪ್ಪುವುದಿಲ್ಲ. ಅದಕ್ಕಿಂತ ಆ್ಯಪ್ ಇಲ್ಲವೇ?

ತಾವೇ ತಂಬೂರಿ ಹಿಡಿದು ಹಾಡುವವರೂ ಬರುತ್ತಾರೆ. ಚಂದ ಬರುತ್ತದೆ, ಆದರೆ ಮಿಕ್ಸ್‌ನಲ್ಲಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ ಅನ್ನುವುದನ್ನು ಮೊದಲೇ ಒಪ್ಪಿಕೊಂಡು ಬನ್ನಿ.

ಎರಡು ತಂಬೂರಿ ಬೇಕೇ?

ಇದ್ದರೆ ಒಳ್ಳೆಯದು. ಎಡಕ್ಕೊಂದು ಬಲಕ್ಕೊಂದು ಹಂಚಿದರೆ ನಡುವೆ ಧ್ವನಿಗೆ ಜಾಗ ಸಿಗುತ್ತದೆ. ಆದರೆ ಎರಡೂ ಒಂದೇ ಅಂದರೆ ಒಂದೇ ಶ್ರುತಿಗೆ ನಿಲ್ಲಬೇಕು. ಒಂದನ್ನು ಚೆನ್ನಾಗಿ ಕೂಡಿಸಲು ಹಿಡಿಯುವ ಹೊತ್ತಿಗಿಂತ ಎರಡನ್ನು ಕೂಡಿಸಲು ಎರಡು ಪಟ್ಟಲ್ಲ, ಅದಕ್ಕೂ ಜಾಸ್ತಿ ಹಿಡಿಯುತ್ತದೆ.

ಶ್ರುತಿಯನ್ನು ಹಾರ್ಮೋನಿಯಂಗೆ ಕೂಡಿಸಬೇಕೋ, ಟ್ಯೂನರ್‌ಗೋ?

ಸಾ ಎಲ್ಲಿ ಅನ್ನುವುದಕ್ಕೆ ಮಾತ್ರ ಹಾರ್ಮೋನಿಯಂ ನೋಡಿ. ಆಮೇಲೆ ಕಿವಿ. ಮೊದಲು ನಡುವಿನ ಜೋಡಿ ಸಾ ತಂತಿ ಎರಡೂ ಒಂದಾಗಲಿ, ನಂತರ ಖರ್ಜ, ಕೊನೆಗೆ ಪಾ. ರಾಗದಲ್ಲಿ ಪಂಚಮ ಇಲ್ಲದಿದ್ದರೆ ಮಾ ಅಥವಾ ನಿ. ಕೊನೆಯ ಕೂದಲೆಳೆಯ ವ್ಯತ್ಯಾಸ ಮಣಿಯಲ್ಲಿ.

ಹಾರ್ಮೋನಿಯಂ ಜೊತೆಗಿರುವ ರೆಕಾರ್ಡಿಂಗ್‌ನಲ್ಲಿ ಒಂದು ಸೂಕ್ಷ್ಮ ಇದೆ. ಖರ್ಜ ಚೆನ್ನಾಗಿ ಕೂಡಿದಾಗ ಅದರೊಳಗಿಂದ ಒಂದು ಗಾಂಧಾರ ಕೇಳುತ್ತದೆ, ಅಲ್ವಾ? ಅದು ಖರ್ಜದ ಐದನೇ ಉಪಸ್ವರ. ಹನ್ನೆರಡು ಸ್ವರಗಳನ್ನೂ ಸಮ ಅಂತರಕ್ಕೆ ಕೂಡಿಸಿದ ಹಾರ್ಮೋನಿಯಂನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ (ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್) ಮೇಲೆ ಕೂತಿರುತ್ತದೆ. ಸಭೆಯಲ್ಲಿ ಇದು ಮುಚ್ಚಿಹೋಗುತ್ತದೆ. ಹತ್ತಿರದ ಮೈಕಿನಲ್ಲಿ ಎರಡೂ ಗಾಂಧಾರ ಪಕ್ಕಪಕ್ಕ ನಿಂತು ಕಚ್ಚಾಡುತ್ತವೆ. ಯಮನ್, ಭೂಪದಂಥ ರಾಗದಲ್ಲಿ ಹಾರ್ಮೋನಿಯಂನವರಿಗೆ ಗಾಂಧಾರದ ಮೇಲೆ ಜಾಸ್ತಿ ಹೊತ್ತು ನಿಲ್ಲಬೇಡಿ ಅಂತ ಮೆಲ್ಲಗೆ ಹೇಳುತ್ತೇವೆ. ಕೆಲವರು ಕೇಳುತ್ತಾರೆ.

ಹೆಣ್ಣುಮಕ್ಕಳಿಗೆ ಸಣ್ಣ ತಂಬೂರಿ ಅಂತ ನಿಯಮ ಇದೆಯಾ?

ಇಲ್ಲ, ಶ್ರುತಿ ಎಲ್ಲಿದೆ ನೋಡಿ ಆರಿಸಿ. ಸಾಮಾನ್ಯವಾಗಿ ಕಾಳಿ ನಾಲ್ಕು, ಐದರ ಸುತ್ತ ಹಾಡುವವರಿಗೆ ಸಣ್ಣ ತಂಬೂರಿ ಹೊಂದುತ್ತದೆ. ಆದರೆ ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಧ್ವನಿ ಗಂಟಲಿನ ಚಿಕಿತ್ಸೆಯ ನಂತರ ಎಷ್ಟು ಗಂಭೀರವಾಯಿತು ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಸಣ್ಣ ತಂಬೂರಿಯನ್ನು ಕೆಳಗಿನ ಶ್ರುತಿಗೆ ಇಳಿಸಿದರೆ ತಂತಿ ಸಡಿಲಾಗಿ ಬರೀ ಗೊಗ್ಗರು ಸದ್ದು ಬರುತ್ತದೆ. ದೊಡ್ಡದನ್ನು ಎಳೆದು ಏರಿಸಿದರೆ ತಂತಿ ಹರಿಯುತ್ತದೆ. ಬರುವ ಮೊದಲು ನಿಮ್ಮ ಶ್ರುತಿ ಫೋನಿನಲ್ಲಿ ಹೇಳಿ.

ನಾವು ತತ್ವಪದ ಹಾಡುವವರು. ಏಕತಾರಿ, ತಾಳ, ಐದಾರು ಜನ. ಆಗುತ್ತಾ?

ಆಗುತ್ತದೆ, ಖುಷಿಯಿಂದ. ಶಿಶುನಾಳದ ಕಡೆಯಿಂದಲೂ ಜನ ಬರುತ್ತಾರೆ. ಇಲ್ಲಿ ಕಷ್ಟ ಕೋಣೆಯದಲ್ಲ, ತಾಳದ್ದು. ಕಂಚಿನ ತಾಳದ ಎದುರು ಏಕತಾರಿ ಏನೂ ಅಲ್ಲ. ಒಂದೇ ಮೈಕ್ ಇಟ್ಟರೆ ತಾಳ ಎಲ್ಲವನ್ನೂ ನುಂಗುತ್ತದೆ.

ನಾವು ಮಾಡುವುದು ಇಷ್ಟೇ: ತಾಳದವರನ್ನು ಹಾಡುವವರಿಂದ ದೂರ, ಮೈಕಿನ ಬೆನ್ನ ಕಡೆ ಕೂರಿಸುತ್ತೇವೆ. ಏಕತಾರಿಗೆ ಬೇರೆ ಮೈಕ್, ಚರ್ಮದ ಮುಖದಿಂದ ಗೇಣು ದೂರ. ತಂಬೂರಿಯಲ್ಲಿ ಇರುವಂಥ ಉದ್ದ ಝೇಂಕಾರ ಏಕತಾರಿಯಲ್ಲಿಲ್ಲ, ಬೆರಳಿನ ಪೆಟ್ಟೇ ಅದರ ಜೀವ. ಹಾಗಾಗಿ ಹತ್ತಿರ ಹೋಗಬಹುದು. ಗುಂಪನ್ನು ಬೇರೆ ಬೇರೆ ಗಾಜಿನ ಕೋಣೆಗಳಲ್ಲಿ ಕೂರಿಸಿ ಹೆಡ್‌ಫೋನ್ ಕೊಡುವುದು ನಮಗೆ ಸರಿ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಪದ ಎತ್ತಿಕೊಳ್ಳುವುದು ಆಗದ ಮಾತು. ಸ್ವಲ್ಪ ಕಲಸಿಕೊಂಡರೂ ಪರವಾಗಿಲ್ಲ.

ಮನ್ಯಾಗ ಮೊಬೈಲ್‌ನಾಗ ಮಾಡಿದ್ರ ಆಗೂದಿಲ್ಲೇನ್ರಿ?

ಆಗುತ್ತದೆ. ಒಳಗಿನ ಕೋಣೆ ಆರಿಸಿಕೊಳ್ಳಿ, ರಸ್ತೆ ಕಡೆಯ ಕೋಣೆ ಬೇಡ. ಫ್ರಿಜ್ ಸ್ವಿಚ್ ಆರಿಸಿ, ಬೋರ್‌ವೆಲ್ ಮೋಟಾರ್ ಹೊತ್ತು ನೋಡಿ. ಮನೆಯಲ್ಲಿರುವ ಕೌದಿಗಳನ್ನೆಲ್ಲ ಹೊರಗೆ ತೆಗೆಯಿರಿ. ಹಗ್ಗ ಕಟ್ಟಿ, ಗೋಡೆಯಿಂದ ಗೇಣಷ್ಟು ಬಿಟ್ಟು ಎರಡು ಪದರ ತೂಗುಹಾಕಿ. ಗೋಡೆಗೆ ಅಂಟಿಸಿದ್ದಕ್ಕಿಂತ ಹೀಗೆ ಬಿಟ್ಟು ಹಾಕಿದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರತಿಧ್ವನಿ ಹೋಗುತ್ತದೆ. ಲಾರಿಯ ಗುಡುಗು ಹೋಗುವುದಿಲ್ಲ. ಅಷ್ಟು ಕೆಳಗಿನ ಸದ್ದಿಗೆ ಕೌದಿ ಸಾಲದು, ದಪ್ಪ ಗೋಡೆಯೇ ಬೇಕು. ಈ ಕಡೆಯ ಹಳೇ ಮಣ್ಣಿನ ಗೋಡೆಯ ಮನೆಗಳು ಇದಕ್ಕೆ ಹೊಸ ಅಪಾರ್ಟ್‌ಮೆಂಟ್‌ಗಿಂತ ಎಷ್ಟೋ ಮೇಲು.

ಮೊಬೈಲ್‌ನ ಮಾಮೂಲಿ ರೆಕಾರ್ಡರ್ ತಾನೇ ಸದ್ದು ಏರಿಸಿ ಇಳಿಸಿ ಮಾಡುತ್ತದೆ. ಮಾತಿಗೆ ಅದು ಸರಿ. ತಂಬೂರಿಯಲ್ಲಿ ದನಿ ಆರುತ್ತಿದ್ದಂತೆ ಕೋಣೆಯ ಸದ್ದು ಮೇಲೇಳುವುದು ಕೇಳಿಸುತ್ತದೆ. ಅದನ್ನು ಬಂದ್ ಮಾಡಲು ಬಿಡುವ ರೆಕಾರ್ಡರ್ ಹಾಕಿಕೊಳ್ಳಿ.

ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಇದೆಯಲ್ಲ, ಆಮೇಲೆ ಕ್ಲೀನ್ ಮಾಡಿದರೆ?

ಝೇಂಕಾರದ ಮೇಲಿನ ಎಳೆಗಳು ಆ ಸಾಫ್ಟ್‌ವೇರ್ ಕಣ್ಣಿಗೆ ನಾಯ್ಸ್ ಥರವೇ ಕಾಣುತ್ತವೆ. ಎರಡನ್ನೂ ಒಟ್ಟಿಗೆ ಒರೆಸುತ್ತದೆ. ಉಳಿಯುವ ತಂಬೂರಿ ನೀರೊಳಗಿಂದ ಕೇಳಿದಂತಿರುತ್ತದೆ. ಸಣ್ಣ ಸದ್ದನ್ನು ಕತ್ತರಿಸುವ ಗೇಟ್, ಏರಿಳಿತ ಸಮ ಮಾಡುವ ಕಂಪ್ರೆಸರ್ ಕೂಡ ಹಾಕುವುದಿಲ್ಲ. ನಾಯ್ಸ್ ತೆಗೆಯಲೇಬೇಕಾದರೆ ಬಹಳ ಸ್ವಲ್ಪ ತೆಗೆಯುತ್ತೇವೆ. ಅದಕ್ಕೆ ಟೇಕ್ ಮುಗಿದ ಮೇಲೆ ಯಾರೂ ಅಲುಗದೆ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದು ತೆಗೆದುಕೊಳ್ಳುತ್ತೇವೆ. ‘ಆಯ್ತಾ?’ ಅಂತ ಆಗಲೇ ಕೇಳಬೇಡಿ, ನಾವೇ ಹೇಳುತ್ತೇವೆ.

ಮಿಕ್ಸ್‌ನಲ್ಲಿ ತಂಬೂರಿ ಎಷ್ಟು ಜೋರು ಇರಬೇಕು? ಹಳೆಯ ರೆಕಾರ್ಡುಗಳಲ್ಲಿ ಕೇಳುವುದೇ ಇಲ್ಲ.

ಹಳೆಯವುಗಳಲ್ಲಿ ಕೇಳದಿರಲು ಕಾರಣ ಇದೆ. 78 ಆರ್‌ಪಿಎಂ ತಟ್ಟೆಯಲ್ಲಿ ಮುಳ್ಳಿನ ಸರಸರ ಸದ್ದೇ ಝೇಂಕಾರವನ್ನು ಮುಚ್ಚುತ್ತಿತ್ತು. ಆಕಾಶವಾಣಿಯ ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು. ನಮ್ಮ ಹಿರಿಯರು ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಅವರನ್ನು ರೇಡಿಯೊದಲ್ಲಿ ಕೇಳಿದ್ದು ಮೀಡಿಯಂ ವೇವ್‌ನಲ್ಲಿ. ಅದರಲ್ಲಿ ಸುಮಾರು 5,000 ಹರ್ಟ್ಸ್ ಮೇಲಿನದ್ದು ಬರುವುದೇ ಕಷ್ಟ. ಆದರೆ ಸ್ಟುಡಿಯೊದಲ್ಲಿ ತಂಬೂರಿ ಪೂರ್ತಿ ಮೊಳಗುತ್ತಿತ್ತು. ಅವರ ಧ್ವನಿ ಸ್ವರದ ಮೇಲೆ ಹಾಗೆ ನಿಲ್ಲುವುದನ್ನು ಕೇಳಿದರೇ ಅದು ತಿಳಿಯುತ್ತದೆ.

ಈಗ ಎಲ್ಲವನ್ನೂ ಹಿಡಿಯಬಹುದು, ಹಾಗಾಗಿ ಜಾಸ್ತಿ ಹಾಕುವ ಆಸೆ ಆಗುತ್ತದೆ. ನಮ್ಮ ಲೆಕ್ಕ: ಹಾಡು ನಡೆದಾಗ ತಂಬೂರಿ ಎಲ್ಲಿದೆ ಎಂದು ಹುಡುಕಬೇಕು, ಬಂದ್ ಮಾಡಿದರೆ ಮಾತ್ರ ಕೂಡಲೇ ಗೊತ್ತಾಗಬೇಕು. ಆಲಾಪದಲ್ಲಿ ಒಂದು ಡೆಸಿಬಲ್ ಮೇಲೆ, ದ್ರುತ್ (ವೇಗದ) ತಾನಿಗೆ ಬಂದಾಗ ಒಂದು ಕೆಳಗೆ. ರಿವರ್ಬ್, ಅಂದರೆ ಕೃತಕ ಪ್ರತಿಧ್ವನಿ, ತಂಬೂರಿಗೆ ಹಾಕುವುದಿಲ್ಲ.

ಸಿತಾರ್ ರೆಕಾರ್ಡಿಂಗ್ ಕೂಡ ಹೀಗೇನಾ?

ಧಾರವಾಡದಲ್ಲಿ ಕೂತು ಈ ಪ್ರಶ್ನೆ ಕೇಳದವರಿಲ್ಲ. ಸಿತಾರ್ ರತ್ನ ರಹಿಮತ್ ಖಾನ್ ಇಲ್ಲೇ ನೆಲೆಸಿ ಒಂದು ಪರಂಪರೆ ಬೆಳೆಸಿದ ಊರು ಇದು. ಸಿತಾರಿನಲ್ಲೂ ಜವಾರಿ ಇದೆ. ಆದರೆ ಮಿಜರಾಬ್ (ಬೆರಳಿಗೆ ತೊಡುವ ತಂತಿಯ ಉಗುರು) ಪೆಟ್ಟಿನಿಂದ ಅದರ ದನಿ ಎಷ್ಟೋ ದೊಡ್ಡದು, ಕೋಣೆ ಇಷ್ಟು ಕಾಡುವುದಿಲ್ಲ. ಮೈಕಿನ ಜಾಗ ಬೇರೆ, ಲೆಕ್ಕವೂ ಬೇರೆ. ಅದಕ್ಕೆ ಬೇರೆಯೇ ಬರೆಯಬೇಕು.

ಕೊನೆಗೆ ನಮ್ಮ ಕೈಗೆ ಏನು ಕೊಡುತ್ತೀರಿ?

ಮಿಕ್ಸ್ ಆದದ್ದು, ಜೊತೆಗೆ ಬಿಡಿ ಟ್ರ್ಯಾಕುಗಳು, 24 ಬಿಟ್ 48 ಕಿಲೋಹರ್ಟ್ಸ್ ವೇವ್ ಫೈಲ್‌ನಲ್ಲಿ. ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಬೇಡಿ, ಡಾಕ್ಯುಮೆಂಟ್ ಆಗಿ ಕಳಿಸದಿದ್ದರೆ ಅದು ಹಿಂಡಬಹುದು, ಹಿಂಡಿದರೆ ಮೊದಲು ಹೋಗುವುದು ಝೇಂಕಾರ. ಪೆನ್‌ಡ್ರೈವ್ ತನ್ನಿ. ಆ ಹತ್ತು ನಿಮಿಷದ ಬರೀ ತಂಬೂರಿಯ ಫೈಲನ್ನೂ ಅದರಲ್ಲಿ ಹಾಕಿಕೊಡುತ್ತೇವೆ, ರಿಯಾಜ್‌ಗೆ ಇಟ್ಟುಕೊಳ್ಳಬಹುದು. ಅದಕ್ಕೆ ಬೇರೆ ದುಡ್ಡಿಲ್ಲ.